ಅಪ್ಪೆಹುಳಿಯಲ್ಲಿ ಕೈ ತೊಳೆದವರು

ಅಪ್ಪೆಹುಳಿಯ ಬಟ್ಟಲು ಮುಂದೆ ಬಂದಾಗಲೆಲ್ಲ ನಾನು ಮೊದಲು ಸುತ್ತ ಕೂತವರ ಕೈ ನೋಡುತ್ತೇನೆ. ಯಾರಾದರೂ ಅದರಲ್ಲಿ ಬೆರಳು ಅದ್ದಿಯಾರೇ ಎಂದು ಒಂದು ಸಣ್ಣ ಆಸೆ. ನೀವು ನಮ್ಮ ಕಡೆಯವರಲ್ಲದಿದ್ದರೆ ಹೇಳಿಬಿಡುತ್ತೇನೆ: ಅಪ್ಪೆ ಮಾವಿನಕಾಯಿ ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟ ತಿಳಿಸಾರು ಅದು. ಅನ್ನಕ್ಕೂ ಆಯಿತು, ಎತ್ತಿ ಕುಡಿಯಲಿಕ್ಕೂ ಆಯಿತು. ಕುಡಿದ ಮೇಲೆ ಬರುವ ನಿದ್ದೆಯ ಬಗ್ಗೆ ಬೇರೆಯೇ ಪ್ರಬಂಧ ಬರೆಯಬೇಕೆಂದಿದ್ದೇನೆ, ಪೆನ್ನು ಹುಡುಕುವಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ.

ಈ ಬೇಸಿಗೆಯಲ್ಲಿ ಶಿರಸಿ ಪೇಟೆಯ ಬದಿಗೆ ಒಬ್ಬಳು ಅಪ್ಪೆಕಾಯಿ ಸುರುವಿಕೊಂಡು ಕೂತಿದ್ದಳು. ಒಂದರ ತೊಟ್ಟು ಮುರಿದು ಮೂಗಿಗೆ ಹಿಡಿದೆ. ಆ ಸೊನೆಯ ಪರಿಮಳಕ್ಕೆ ಯಲ್ಲಾಪುರದ ಅಡುಗೆಮನೆ ನೆನಪಾಯಿತು, ಅಲ್ಲಿದ್ದ ಅಕ್ಕ ನೆನಪಾದಳು, ಪೇಟೆಯ ನಡುವೆ ನಿಂತು ಕಣ್ಣೊರೆಸಿಕೊಳ್ಳುವಂತಾಯಿತು. "ಸೊನೆ ಕಣ್ಣಿಗೆ ಹಾರ್ತಾ ಅಮ್ಮಾ?" ಎಂದಳು ಅವಳು. ಹೌದೆಂದೆ. ಮತ್ತೇನು ಹೇಳಲಿ?

ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ಒಂದು ಪೋಸ್ಟರ್. ಹೋದ ವರ್ಷ ತೀರಿಕೊಂಡ ಒಬ್ಬ ನಿರ್ದೇಶಕಿಯ ನೆನಪಿಗೆ ಅವರ ಹಾಸ್ಯಚಿತ್ರಗಳನ್ನು ಪ್ರತಿ ಭಾನುವಾರ ಒಂದೊಂದು ಊರಿನಂತೆ ಶಿರಸಿ, ಯಲ್ಲಾಪುರ, ಸಿದ್ದಾಪುರಗಳಲ್ಲಿ ತೋರಿಸುತ್ತಾರಂತೆ. ಹೆಂಗಸೊಬ್ಬಳು ಸಿನಿಮಾ ಮಾಡುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ನಗಿಸುವ ಸಿನಿಮಾ ಮಾಡಿದವರು ಅವರು. ಹೆಸರು ಬಿಡಿ, ನಮಗೆ ಅವರು ಆಗಲೂ ಈಗಲೂ ಡೈರೆಕ್ಟ್ರಮ್ಮ. ಪೋಸ್ಟರಿನಲ್ಲಿ ಮೊದಲು ಹಾಕಿದ್ದೇ ಯಲ್ಲಾಪುರದಲ್ಲಿ ತೆಗೆದ ಸಿನಿಮಾ. ಪ್ರಿಂಟೇ ಉಳಿದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಸಿನಿಮಾ ಅದು, ಅದರೊಳಗೆ ನನ್ನ ಸತ್ತ ಅಕ್ಕನ ನಗೆ ಇರಬೇಕಿತ್ತು.

ಭಾವ ಆಗ ಯಲ್ಲಾಪುರದ ಹೆದ್ದಾರಿಯ ಬದಿಗೆ ಖಾನಾವಳಿ ನಡೆಸುತ್ತಿದ್ದ. ಊಟಕ್ಕೆ ಬರುವವರೆಲ್ಲ ಲಾರಿಯವರು. ಅಡುಗೆ ಅಕ್ಕನದು. ಅವಳಿಗೆ ಚೊಚ್ಚಲ ಬಸಿರು, ಪರೀಕ್ಷೆ ಮುಗಿಸಿದ ನಾನು ಕೈನೆರವಿಗೆಂದು ಹೋಗಿದ್ದೆ. ನನ್ನ ನೆರವು ಎಂದರೆ ಮೂರು ಪಾತ್ರೆ ತೊಳೆದು ಒಂದನ್ನು ಬೀಳಿಸುವುದು. ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯೊಂದರ ಕತೆಯನ್ನು ಸಿನಿಮಾ ಮಾಡಲು ಬಂದ ತಂಡಕ್ಕೆ ನಮ್ಮಲ್ಲೇ ಮಧ್ಯಾಹ್ನದ ಊಟ ನಿಗದಿಯಾಯಿತು. ಡೈರೆಕ್ಟ್ರಮ್ಮ ಸೆರಗು ಬಿಗಿದು, ತಲೆಗೆ ಟೋಪಿ ಹಾಕಿ, ಲಾರಿಯವರ ಪಕ್ಕದ ಬೆಂಚಿನಲ್ಲೇ ಕೂತು ಉಣ್ಣುತ್ತಿದ್ದರು.

"ಹೆಂಗಸ್ರಾಗಿ ಕಾಮಿಡಿ ಹೆಂಗ್ ತೆಗಿತೀರಿ ಮೇಡಮ್?" ಎಂದು ಒಬ್ಬ ಡ್ರೈವರ್ ಕೇಳಿದ.

"ಗಂಡಸರನ್ನ ಹತ್ತಿರದಿಂದ ನೋಡಿದವರು ನಾವೇ ಅಲ್ವೇನಪ್ಪಾ," ಎಂದರು. ಭಾವನೂ ನಕ್ಕ, ಸ್ವಲ್ಪ ತಡವಾಗಿ.

ಒಂದು ದಿನ ಊಟದ ಕೊನೆಗೆ ನಾನು ಅವರ ಮುಂದೆ ಅಪ್ಪೆಹುಳಿಯ ಬಟ್ಟಲು ಇಟ್ಟೆ. ಬೆಚ್ಚಗಿನ ತಿಳಿನೀರು, ಹುಳಿ ವಾಸನೆ. ದೊಡ್ಡ ಹೋಟೆಲುಗಳಲ್ಲಿ ಕೈ ತೊಳೆಯಲು ನಿಂಬೆ ಹಿಂಡಿದ ನೀರು ಕೊಡುತ್ತಾರಲ್ಲ, ಇದೂ ಅದೇ ಎಂದುಕೊಂಡರು. ಐದೂ ಬೆರಳು ಅದ್ದಿ ನಿಧಾನವಾಗಿ ತೊಳೆದುಕೊಂಡರು. ಒಗ್ಗರಣೆಯ ಸಾಸಿವೆ ಉಗುರಿಗೆ ಅಂಟಿತು. ಅದನ್ನು ನೋಡಿ, "ಎಷ್ಟು ಅಚ್ಚುಕಟ್ಟು ರೀ ನಿಮ್ಮೂರಲ್ಲಿ," ಎಂದರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಹೊರಗಿನವರೆದುರು ನಮ್ಮ ಹೆಂಗಸರು ಬಾಯಿ ತೆರೆದು ನಗುವ ಪದ್ಧತಿ ಇರಲಿಲ್ಲ. ಬಾಗಿಲು ಹಾಕಿಕೊಂಡು ನಕ್ಕಳು ನೋಡಿ! ಮೊದಲು ಕುಕ್ಕರಿನ ಸೀಟಿಯಂತೆ ಒಂದು ಎಳೆ, ಆಮೇಲೆ ಉಸಿರೇ ಇಲ್ಲ, ಆಮೇಲೆ ಒಟ್ಟಿಗೇ ಬಿಚ್ಚಿಕೊಳ್ಳುವುದು. ಹೊರಗೆ ಡೈರೆಕ್ಟ್ರಮ್ಮನಿಗೆ ವಿಷಯ ತಿಳಿಯಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಕೆಂಪಾಗುತ್ತಿತ್ತು. ಇವರು ಒದ್ದೆ ಕೈ ಹಾಗೇ ಹಿಡಿದುಕೊಂಡು ಆ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಕೂತರು.

ಮರುದಿನ ಮತ್ತೆ ಅಪ್ಪೆಹುಳಿಯೇ ಬೇಕೆಂದರು. ಅದೇ ಬೆಂಚಿನಲ್ಲಿ ಕೂತು, ಅದೇ ಗಂಭೀರ ಮುಖದಲ್ಲಿ, ಈ ಸಲ ಎರಡೂ ಕೈ ಅದ್ದಿದರು! ಅಕ್ಕ ಮತ್ತೆ ಒಳಗೆ ಓಡಿದಳು, ಹಿಂದೆಯೇ ನಾನೂ ಓಡಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಕಿಟಕಿಯ ಹೊರಗೆ ಟೇಪಿನ ಪೆಟ್ಟಿಗೆ ಹಿಡಿದು ಒಬ್ಬ ಕುಕ್ಕುರುಗಾಲಲ್ಲಿ ಕೂತಿದ್ದು ತಿಳಿದದ್ದು ಆಮೇಲೆ.

"ನಮ್ಮ ಸಿನಿಮಾದ ಅತ್ತೆಗೆ ನಗೋಕೆ ಬರ್ತಿಲ್ಲ ರೀ," ಎಂದರು ಡೈರೆಕ್ಟ್ರಮ್ಮ, ಹೆಪ್ಪಿಗೆ ಮಜ್ಜಿಗೆ ಕೇಳುವವರಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತು. "ನಿಮ್ಮ ನಗೆ ಸ್ವಲ್ಪ ಕೊಡ್ತೀರಾ?"

"ಅಯ್ಯ, ಅದ್ನ ತಗಂಡು ಎಂತ ಮಾಡ್ತೀರಿ?" ಎಂದಳು ಅಕ್ಕ. "ತಗಳಿ."

ಅಕ್ಕ ಆ ಸಿನಿಮಾ ನೋಡಲಿಲ್ಲ. ಹೆಣ್ಣು ಮಗುವಾಯಿತು, ಮಗು ಅಂಬೆಗಾಲಿಡುವ ಹೊತ್ತಿಗೆ ಅಕ್ಕನಿಗೆ ಕಾಮಾಲೆ ಬಂತು, ಮದ್ದು ಹತ್ತಲಿಲ್ಲ. ಶಿರಸಿಯ ಟಾಕೀಸಿಗೆ ಆ ಸಿನಿಮಾ ಬಂದಾಗ ನಮ್ಮ ಮನೆಯಲ್ಲಿ ಸೂತಕ. ಸೂತಕ ಕಳೆಯುವಷ್ಟರಲ್ಲಿ ಸಿನಿಮಾ ಹೋಗಿತ್ತು. ಮಗು ನಂದಿನಿಯನ್ನು ನಾನೇ ಸಾಕಿದೆ. ಅವಳಿಗೆ ತಾಯಿಯೆಂದರೆ ಒಂದು ಮದುವೆಯ ಫೋಟೊ. ಫೋಟೊದವನು ಅಲುಗಬೇಡಿ ಎಂದಿದ್ದನಂತೆ, ತುಟಿ ಬಿಗಿದ ಯಾರೋ ಹೆಂಗಸು ಅದರಲ್ಲಿ ಇದ್ದಾಳೆ. ನನ್ನ ಅಕ್ಕ ಅಲ್ಲ ಅದು. ಆ ನಗೆಯನ್ನು ನಂದಿನಿಗೆ ತೋರಿಸಿಕೊಡಲೆಂದು, ಅಪ್ಪೆಹುಳಿಯ ಕತೆ ಹೇಳಿ, ಎಷ್ಟೋ ಸಲ ನಕ್ಕು ನೋಡಿದ್ದೇನೆ. ನನಗೆ ಬರುವುದಿಲ್ಲ. ಕೊನೆಗೆ ಕೆಮ್ಮು ಬರುತ್ತದೆ.

ನಂದಿನಿ ಈಗ ಸಿದ್ದಾಪುರದಲ್ಲಿ ಗಣಿತದ ಟೀಚರ್. ನಗುವುದು ಕಡಿಮೆ. ಫೋನಿನಲ್ಲಿ ವಿಷಯ ಹೇಳಿದೆ. "ಈಗ ಅದ್ನ ಕೇಳಿ ಆನು ಎಂತ ಮಾಡವು ಚಿಕ್ಕಿ?" ಎಂದಳು. ನನಗೆ ಬೇಜಾರಾಯಿತು. ಆದರೆ ಭಾನುವಾರ ಬಸ್ಸಿಳಿದವಳು ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದಳು.

ಶಿರಸಿಯ ಸಭಾಂಗಣ ತುಂಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಸಿನಿಮಾದುದ್ದಕ್ಕೂ ಹಲ್ಲು ಬಿಡದ ಆ ಬಿಗಿಮೋರೆಯ ಅತ್ತೆ ಕೊನೆಗೆ ತಡೆಯಲಾರದೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ನಂದಿನಿಯ ಕೈ ಹಿಡಿದೆ. ಅಷ್ಟರಲ್ಲಿ ಇಡೀ ಸಭಾಂಗಣ ಹೋ ಎಂದು ನಕ್ಕಿತು. ಶಿಳ್ಳೆ ಬೇರೆ. ಆ ಗದ್ದಲದ ಅಡಿಯಲ್ಲಿ ಸೀಟಿಯಂಥ ಒಂದು ಎಳೆ ನನಗೆ ಕೇಳಿತು, ಮುಗಿಯಿತು.

"ಅದೇಯ! ಅದೇ ನಿನ್ನ ಆಯಿ!"

"ಎಂತೂ ಕೇಳಿದ್ದಿಲ್ಲೆ ಚಿಕ್ಕಿ," ಎಂದಳು ನಂದಿನಿ. ಅವಳ ಮುಖ ನೋಡಲಾಗಲಿಲ್ಲ ನನಗೆ. ಇಡೀ ಶಿರಸಿಯ ಮೇಲೆ ಸಿಟ್ಟು ಬಂತು. ಹಾಸ್ಯಚಿತ್ರ ನೋಡಿ ಜನ ನಕ್ಕರೆಂದು ಅವರಿಗೆ ಶಾಪ ಹಾಕಿದವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ವೇದಿಕೆಯ ಮೇಲೆ ಆಗಲೇ ಭಾಷಣ ಶುರುವಾಗಿತ್ತು. ಸಂಘಟಕರಲ್ಲಿ ಒಬ್ಬರನ್ನು ಬದಿಗೆ ಕರೆದು ಹೇಳಿಕೊಂಡೆ. ಮಧ್ಯದಲ್ಲೇ ಅಳು ಬಂದು ನಾಚಿಕೆಯಾಯಿತು. "ಬರುವ ಭಾನುವಾರ ಇದೇ ಸಿನಿಮಾ ಯಲ್ಲಾಪುರದಲ್ಲಿ, ಬೇಗ ಬನ್ನಿ," ಎಂದರು ಅವರು. "ಜನ ಬರುವ ಮೊದಲು ಸೌಂಡ್ ಪರೀಕ್ಷೆ ಮಾಡಲೇಬೇಕು. ಅದೇ ಭಾಗ ಹಾಕ್ತೇನೆ."

ಯಲ್ಲಾಪುರದಲ್ಲಿ ಖಾನಾವಳಿ ಇದ್ದಲ್ಲಿ ಈಗ ಟಯರಿನ ಅಂಗಡಿ. ನಂದಿನಿ ಅದರ ಮುಂದೆ ಒಂದು ಗಳಿಗೆ ನಿಂತಳು. ಸಭಾಂಗಣದಲ್ಲಿ ಕುರ್ಚಿಗಳನ್ನು ಇನ್ನೂ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಎರಡನ್ನು ಎಳೆದುಕೊಂಡು ಕೂತೆವು. ಪರದೆಯ ಮೇಲೆ ಅತ್ತೆ ಒಳಗೆ ಹೋದಳು, ಬಾಗಿಲು ಮುಚ್ಚಿತು.

ಆಮೇಲೆ ಅಕ್ಕ ನಕ್ಕಳು.

ಅದೇ ಎಳೆ. ಉಸಿರಿಲ್ಲದ ಆ ಗಳಿಗೆ. ಆಮೇಲೆ ಒಟ್ಟಿಗೇ ಬಿಚ್ಚಿಕೊಂಡದ್ದು. ಖಾಲಿ ಸಭಾಂಗಣದ ಗೋಡೆ ಗೋಡೆಗೆ ತಾಗಿ ಬಂತು. ಮುಗಿಯಿತು ಎನ್ನುವಾಗ, ವಾದ್ಯ ಶುರುವಾಗುವ ಮೊದಲು, ಬಾಗಿಲ ಹಿಂದಿನಿಂದ ಏದುಸಿರಿನ ಒಂದು ಮಾತು ತೇಲಿಬಂತು: "ಸಾಕೇ... ಹೊಟ್ಟೆಲಿಪ್ಪದೂ ನೆಗ್ಯಾಡ್ತಾ ಇದ್ದು!"

ನನಗೆ ಹೇಳಿದ ಮಾತು ಅದು. ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಒಳಗಿನ ಮಗುವೂ ನಗುತ್ತಿದೆಯೆಂದು ಹೇಳಿದ್ದಳು. ನಗೆಯನ್ನು ನೆನಪಿಟ್ಟುಕೊಂಡ ನಾನು ಮಾತನ್ನು ಪೂರ್ತಿ ಮರೆತುಬಿಟ್ಟಿದ್ದೆ. ಸಿನಿಮಾದ ಅತ್ತೆಗೆ ಆ ಮಾತಿನಿಂದ ಏನೂ ಆಗಬೇಕಿರಲಿಲ್ಲ, ಕತ್ತರಿಸಿ ಬಿಸಾಡಬಹುದಿತ್ತು. ಡೈರೆಕ್ಟ್ರಮ್ಮ ಯಾಕೆ ಇಟ್ಟುಕೊಂಡರೋ! ಕೇಳೋಣವೆಂದರೆ ಅವರೂ ಇಲ್ಲ.

ನಂದಿನಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಚಿಕ್ಕಿ, ಅದು ಆನೇ ಅಲ್ದಾ?" ಎಂದಳು.

"ನೀನೇಯ ಮಗಾ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟು ವರ್ಷ ಸಾಕಿದ್ದರೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಜನ ಬಂದರು, ಸಿನಿಮಾ ಪೂರ್ತಿ ನಡೆಯಿತು, ಬಾಗಿಲು ಮುಚ್ಚಿದಾಗ ಯಲ್ಲಾಪುರದವರೂ ಹೋ ಎಂದು ನಕ್ಕರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ನಿನ್ನೆ ನಂದಿನಿ ಊಟಕ್ಕೆ ಬಂದಿದ್ದಳು. ಪೇಟೆಯಿಂದ ತಂದ ಅಪ್ಪೆಕಾಯಿಯಲ್ಲಿ ಉಳಿದಿದ್ದ ಕೊನೆಯ ನಾಲ್ಕನ್ನು ಬೇಯಿಸಿದ್ದೆ. ಬಟ್ಟಲು ತಂದು ಅವಳ ಮುಂದಿಟ್ಟು ಅಭ್ಯಾಸದಂತೆ ಕೈ ನೋಡಿದೆ. ಅವಳು ಗಣಿತದ ಟೀಚರಿನ ಗಂಭೀರ ಮುಖದಲ್ಲೇ ಐದೂ ಬೆರಳು ಅದರಲ್ಲಿ ಅದ್ದಿ ನಿಧಾನವಾಗಿ ತೊಳೆದುಕೊಂಡಳು. ಆಮೇಲೆ ತಲೆ ಎತ್ತಿ, ಒದ್ದೆ ಕೈ ಹಾಗೇ ಹಿಡಿದುಕೊಂಡು, ನನ್ನನ್ನೇ ನೋಡುತ್ತ ಕಾದಳು.

ನಾನು ಎದ್ದು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆ.