ಮದುಮಗನ ಕಾಲು

ಎದುರುಮನೆಯವಳ ಗಂಡನಿಗೆ ಬಲಗಾಲಿನ ಬೆರಳುಗಳೇ ಇರಲಿಲ್ಲ. ಅದಕ್ಕೆ ನನಗೆ ಹೊಟ್ಟೆಕಿಚ್ಚು. ನಗಬೇಡಿ, ನಿಜವಾಗಿಯೂ ಅದಕ್ಕೇ. ಆತ ಮತ್ತು ನಮ್ಮವರು ಇಬ್ಬರೂ ನಮ್ಮೂರು ಪೆದ್ದಹರಿವಾಣದಿಂದ ಒಟ್ಟಿಗೇ ಪಲ್ಟನ್ ಸೇರಿ, ಕಾಶ್ಮೀರದ ಹಿಮದಲ್ಲಿ ಒಂದೇ ಕಂದಕದಲ್ಲಿ ಕಾಲು ಮರಗಟ್ಟಿಸಿಕೊಂಡು ಬಂದವರು. ಆತನ ಬೆರಳುಗಳನ್ನು ಡಾಕ್ಟರು ಕತ್ತರಿಸಿ ತೆಗೆದರು. ನಮ್ಮವರ ಬೆರಳು ಉಳಿದವು. ಆತನಿಗೆ ಊನದ ಪಿಂಚಣಿ ಬಂತು, ನಮಗೆ ಬರಲಿಲ್ಲ.

ಉಳಿದವು ಹೆಸರಿಗಷ್ಟೇ ಬೆರಳು. ಜಾಲಿಮುಳ್ಳು ನೆಟ್ಟದ್ದೂ ತಿಳಿಯದೆ ಹೊಲದಿಂದ ರಕ್ತ ಸುರಿಸಿಕೊಂಡು ಬರುತ್ತಿದ್ದರು. ಚಳಿ ಬಿದ್ದರೆ ಪಾದ ಬಿಳಿಚಿಕೊಂಡು ಸುಡುಸುಡು ಉರಿ. ನಾನು ಹತ್ತಿಕಾಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದೆ. ಬಿಸಿ ಹೆಚ್ಚಾದರೂ ಆ ಕಾಲಿಗೆ ಗೊತ್ತಾಗದು, ಹಾಗಾಗಿ ಮೊದಲು ನನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದೆ. ಎದುರುಮನೆಯವಳೋ ಪಿಂಚಣಿಯ ದಿನ ಗಂಡನ ಜೊತೆ ಆದೋನಿಗೆ ಹೋಗಿ, ತಲೆತುಂಬ ಮಲ್ಲಿಗೆ ಮುಡಿದು ಬರುವಳು. ಕಟ್ಟೆಯ ಮೇಲೆ ಜನ ಸರಿದು ಆತನಿಗೆ ಜಾಗ ಬಿಡುವರು. ನಮ್ಮವರನ್ನು ಕಂಡರೆ, "ಎಲ್ಲಾ ಬೆರಳು ನೆಟ್ಟಗ ಅದಾವಲ್ಲೋ, ನೀ ಯಾಕ ಕುಂಟ್ತಿ?" ಎಂದು ನಗುವರು.

ಕೊನೆಗೆ ನಮ್ಮ ಅರ್ಜಿಗೂ ಡಾಕ್ಟರ ಪರೀಕ್ಷೆಗೆ ಕರೆ ಬಂತು, ಅದೂ ನಡುಬೇಸಿಗೆಯಲ್ಲಿ. ದೊಡ್ಡವರ ಮುಂದೆ ನಿಲ್ಲಲು ಹೋಗುವ ಗಂಡಸನ್ನು ಎಣ್ಣೆನೀರು ಹಾಕದೆ ಕಳಿಸುವುದುಂಟೇ? ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿದೆ. ಒಡಕುಗಳಿಗೆ ಅರಿಶಿನ ಕಲಸಿದ ಹರಳೆಣ್ಣೆ ತುಂಬಿ ವಾರವಿಡೀ ತಿಕ್ಕಿದೆ. ನಮ್ಮೂರ ಬಿಸಿಲಿಗೆ ಪಾದಗಳು ಬೆಚ್ಚಗೆ, ಕೆಂಪಗೆ ಹೊಳೆದವು. "ಇವು ಮದುಮಗನ ಕಾಲು" ಎಂದು ಡಾಕ್ಟರು ನಕ್ಕರಂತೆ. ಅರ್ಜಿ ವಜಾ ಆಯಿತು.

ಆಮೇಲೆ ನಾನು ಎದುರುಮನೆಯ ಕಡೆ ಮುಖ ಹಾಕಲಿಲ್ಲ. ಚಳಿಗಾಲದ ಒಂದು ಸಂಜೆ ಅವಳೇ ಬಂದಳು. ನಮ್ಮವರಿಗೆ ಜೊಂಪು ಹತ್ತಿತ್ತು. ನಾನು ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಶಾಖ ಕೊಡುತ್ತಿದ್ದೆ.

"ಅಕ್ಕಾ, ಇನ್ನೊಂದು ಅರ್ಜಿ ಹಾಕ್ರಿ. ಅಣ್ಣಾರು ಈ ಚಳ್ಯಾಗ ಹೋಗ್ಲಿ, ಕಾಲಿಗೆ ಎಣ್ಣಿ ಮುಟ್ಟಸಬ್ಯಾಡ್ರಿ. ಸಾಕ್ಷಿ ಹೇಳಾಕ ನಮ್ಮ ಮನಿಯವರು ಜತಿಗೆ ಬರ್ತಾರ" ಅಂದಳು.

ಇವಳ ಉಪಕಾರ ಬೇರೆ ಕೇಡು ಎಂದು ಮೈಯೆಲ್ಲ ಉರಿಯಿತು. "ನಿನಗೇನವ್ವಾ, ಪುಣ್ಯವಂತಿ ನೀನು" ಅಂದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ನಮ್ಮವರು ಕಾಲು ತೋರ್ಸಂಗಿಲ್ಲಕ್ಕಾ. ಬಂದಾಗಿಂದ ಒಂದಿನಾನೂ ಮುಟ್ಟಾಕ ಬಿಟ್ಟಿಲ್ಲ. ಮಲಗಾಗೂ ಕಾಲುಚೀಲ ಬಿಚ್ಚಂಗಿಲ್ಲ."

ಅವಳ ಕಣ್ಣಲ್ಲಿದ್ದದ್ದು ಏನೆಂದು ನನಗೆ ಕೂಡಲೇ ತಿಳಿಯಿತು. ಅಷ್ಟು ವರ್ಷ ನಾನು ಹೊಟ್ಟೆಯಲ್ಲಿ ಸಾಕಿದ್ದು ಅದನ್ನೇ ಅಲ್ಲವೇ!

ಇನ್ನೊಂದು ಅರ್ಜಿ ಹಾಕಿದೆವು. ನಮ್ಮವರು ಒಡೆದ, ಬಿಳಿಚಿದ ಕಾಲಲ್ಲೇ ಆತನ ಜೊತೆ ಹೋಗಿಬಂದರು. ಪಿಂಚಣಿ ಮಂಜೂರಾಯಿತು, ಆತನದಕ್ಕಿಂತ ಕಡಿಮೆ. ಕಡಿಮೆ ಎಂದು ನನಗೆ ಮತ್ತೆ ಕಿಚ್ಚು. ಅಂದಿನಿಂದ ಶಾಖ ಕೊಡುವಾಗ ಎದುರುಮನೆಗೆ ಕಾಣುವಂತೆ ಬೀದಿಬಾಗಿಲು ತೆರೆದೇ ಇಡುತ್ತಿದ್ದೆ.

"ಥಂಡಿಗಾಳಿ ಬರ್ತೈತಿ, ಕಾಲು ಉರಿತಾವ. ಬಾಗ್ಲ ಹಾಕು" ಎಂದು ನಮ್ಮವರು ಗೊಣಗುತ್ತಿದ್ದರು. ನಾನು ಹಾಕಲಿಲ್ಲ.