ನನ್ನನ್ನು ಅವಳು ಬರೆದ ವರ್ಷ

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಪಿಯುಸಿ ಮುಗಿಸಿದ ಆ ಬೇಸಿಗೆಯಲ್ಲಿ ನನಗೆ ಎರಡು ಕಡೆ ಸೀಟು ಸಿಕ್ಕಿತ್ತು. ಚಾಮರಾಜಪೇಟೆಯ ನಮ್ಮ ವಠಾರದಿಂದ ನಡೆದೇ ಹೋಗಬಹುದಾಗಿದ್ದ ಬಸವನಗುಡಿಯ ಕಾಲೇಜಿನಲ್ಲಿ ಬಿ.ಎ.; ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೋಗಬೇಕಾಗಿದ್ದ ಮಲ್ಲೇಶ್ವರದ ಕಡೆಯ ಚಿತ್ರಕಲಾ ಶಾಲೆ. ಪಕ್ಕದ ಮನೆಯ ಗೆಳತಿಗೂ ಆ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಹೈಸ್ಕೂಲಿನಿಂದ ಜೊತೆಯಲ್ಲಿ ಚಿತ್ರ ಬರೆದವರು ನಾವು. ಹೋದರೆ ಒಟ್ಟಿಗೇ ಎಂದು ಮಾತಾಡಿಕೊಂಡಿದ್ದೆವು.

ಅಪ್ಪ ಮಿಡ್ಲ್ ಸ್ಕೂಲ್ ಮೇಷ್ಟರು. ಚಿತ್ರಕಲಾ ಶಾಲೆ ಬೇಡವೆಂದಿದ್ದರೆ ನಾನು ಹಟ ಹಿಡಿಯುತ್ತಿದ್ದೆನೋ ಏನೋ. ಅವರು ಹಾಗನ್ನಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೇಳಿದರು.

“ನಿಂಗೆ ಹಿಸ್ಟರಿ ಇಷ್ಟ ತಾನೇ?”

“ಇಷ್ಟ ಅಪ್ಪ.”

“ಬಿ.ಎ. ಓದ್ತಾ ಮನೇಲಿ ಚಿತ್ರ ಬರೀಬಹುದು. ಅಲ್ಲಿ ಸೇರ್ಕೊಂಡ್ರೆ ಹಿಸ್ಟರಿ ಹೇಳ್ಕೊಡೋರು ಯಾರಿರ್ತಾರೆ? ಯೋಚ್ನೆ ಮಾಡು. ನೀನು ಏನು ಹೇಳಿದ್ರೂ ಸರಿ.”

ಆ ಮಾತು ನನಗೆ ನಿಜವೆನ್ನಿಸಿತು. ಬಿ.ಎ. ಎಂದುಬಿಟ್ಟೆ.

ಗೆಳತಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಬಿ.ಎ.ಗೆ ಸೇರುತ್ತೇನೆಂದಾಗ, “ಯಾರಾದ್ರೂ ಬೇಡ ಅಂದ್ರಾ?” ಎಂದು ಕೇಳಿದಳು.

“ಇಲ್ಲ ಕಣೇ. ನಾನೇ.”

ಕೈಯಲ್ಲಿದ್ದ ಲಂಗವನ್ನು ಮತ್ತೊಮ್ಮೆ ಹಿಂಡಿ, ತಂತಿಗೆ ಹಾಕಿ, ಕೆಳಗಿಳಿದು ಹೋದಳು.

ಕಾಲೇಜು ನನಗೆ ಒಗ್ಗಿತು. ಇತಿಹಾಸದ ಪಾಠಕ್ಕೆ ಮುಂದಿನ ಬೆಂಚಿಗಾಗಿ ಬೇಗ ಹೋಗುತ್ತಿದ್ದೆ. ಮನೆಯಲ್ಲಿ ಚಿತ್ರ ಬರೆಯುವುದು ಮಾತ್ರ ಮೊದಲು ಭಾನುವಾರಕ್ಕಿಳಿಯಿತು, ಆಮೇಲೆ ಹಬ್ಬದ ರಜೆಗೆ. ಗೆಳತಿ ಸಂಜೆ ಉಗುರಿನ ಸಂದಿಯಲ್ಲಿ ಇದ್ದಿಲ ಕಪ್ಪು ತುಂಬಿಕೊಂಡು ಬರುತ್ತಿದ್ದಳು. “ನೆರಳು ಬರೀ ಕಪ್ಪಲ್ಲ ಕಣೇ, ಅದ್ರೊಳಗೂ ಬಣ್ಣ ಇರತ್ತೆ” ಎಂದಳು ಒಮ್ಮೆ. ಅವಳು ಹೋದ ಮೇಲೆ ನೀರಿನ ಹಂಡೆಯ ಹಿಂದಿನ ನೆರಳನ್ನು ನೋಡುತ್ತಾ ನಿಂತೆ. ನನಗೆ ಕಪ್ಪೇ ಕಂಡಿತು.

ಎರಡನೆಯ ವರ್ಷ, ಎದುರಿಗೆ ಯಾರನ್ನಾದರೂ ಕೂರಿಸಿಕೊಂಡು ಬರೆಯಬೇಕೆಂದು ಅವಳ ಮೇಷ್ಟರು ಹೇಳಿದ್ದರಂತೆ. ಅವಳು ನನ್ನನ್ನು ಕೇಳಿದಳು. ಭಾನುವಾರಗಳಂದು ಅವಳ ಮನೆಯ ಕಂಬಕ್ಕೊರಗಿ, ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ. “ಅಲ್ಲಾಡ್ಬೇಡ” ಎನ್ನುತ್ತಿದ್ದಳು. ಹೂಜಿಯನ್ನೋ ಕುರ್ಚಿಯನ್ನೋ ನೋಡುವಂತೆ ನನ್ನನ್ನು ನೋಡುತ್ತಿದ್ದಳು. ಹಾಗೆ ನೋಡುವುದು ಹೇಗೆಂದು ನನಗೂ ಗೊತ್ತಿತ್ತು. ಪುಟ ಮಗುಚದೆ ಕೂತಿದ್ದ ನನ್ನ ಬೆರಳುಗಳು ಕುಂಚಕ್ಕಾಗಿ ತಹತಹಿಸುತ್ತಿದ್ದವು.

ಆ ಚಿತ್ರವನ್ನು ಶಾಲೆಯ ಪ್ರದರ್ಶನದಲ್ಲಿ ತೂಗುಹಾಕಿದರು. ಅಪ್ಪನೊಡನೆ ಹೋಗಿದ್ದೆ. ಜನ ಚಿತ್ರ ನೋಡಿ, ತಿರುಗಿ ನನ್ನನ್ನು ನೋಡಿ ನಗುತ್ತಿದ್ದರು. ನನ್ನ ಕಣ್ಣು ಮಾತ್ರ ಕಂಬದ ನೆರಳಿನ ಮೇಲಿತ್ತು. ಅದರಲ್ಲಿ ನೀಲಿಯಿತ್ತು, ನೇರಳೆಯಿತ್ತು, ನನ್ನ ಸೀರೆಯ ಹಸಿರು ತುಸು ಬಿದ್ದಿತ್ತು.

“ಇದನ್ನ ಹ್ಯಾಗ್ ಮಾಡ್ದೆ?” ಎಂದು ಕೇಳಿದೆ.

“ಗೊತ್ತಿಲ್ಲ ಕಣೇ. ದಿನಾ ಮಾಡ್ತಾ ಮಾಡ್ತಾ ಬಂತು.”

ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, “ನಾನು ಅವತ್ತು ಹಾಗೆ ಹೇಳ್ಬಾರ್ದಿತ್ತೇನೋ” ಎಂದರು.

“ನಂಗೆ ಹಿಸ್ಟರಿ ಇಷ್ಟ ಅಪ್ಪ” ಎಂದೆ. ಅದು ನಿಜವೇ ಆಗಿತ್ತು.

ಗೆಳತಿ ಮದುವೆಯಾಗಿ ಧಾರವಾಡಕ್ಕೆ ಹೋದಳು; ಅಲ್ಲೂ ಬರೆಯುವುದನ್ನು ಬಿಡಲಿಲ್ಲ. ನಾನು ಎಂ.ಎ. ಮಾಡಿ ಹುಡುಗಿಯರ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡತೊಡಗಿದೆ. ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದೆ. ದೇವಾಲಯಗಳ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಗೋಪುರ ಬರೆಯುತ್ತಿದ್ದೆ. ಪರೀಕ್ಷೆಗೆ ನಾಲ್ಕು ಗೆರೆ ಸಾಕಾಗಿತ್ತು. ನಾನು ಕಲಶ, ಕಂಬದ ಕೆತ್ತನೆ, ಮೆಟ್ಟಿಲಿನ ಮೇಲೆ ಬಿದ್ದ ಬಿಸಿಲು ಎನ್ನುತ್ತಾ ಬರೆಯುತ್ತಲೇ ಇರುತ್ತಿದ್ದೆ. ಗಂಟೆ ಹೊಡೆದು, ಮುಂದಿನ ಪಾಠದವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

“ಅಳಿಸ್ಲಾ ಮಿಸ್?” ಎಂದು ಮುಂದಿನ ಬೆಂಚಿನ ಹುಡುಗಿ ಡಸ್ಟರ್ ಹಿಡಿದು ಏಳುತ್ತಿದ್ದಳು.

“ಒಂದ್ನಿಮಿಷ ಇರಮ್ಮ” ಎನ್ನುತ್ತಿದ್ದೆ.