ಸೊಂಟಕ್ಕೆ ಕಟ್ಟಿದ ಅಕ್ಕಿ

ಕೋವಿಡ್ ತಣ್ಣಗಾದ ಮರುವರ್ಷ ನಾನು ಕೊಚ್ಚಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ವೈದ್ಯೆಯಾಗಿದ್ದೆ. ಮೈಸೂರಿನವಳಾದ ನನಗೆ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಬ್ಬ. ಹಾಗಾಗಿ ತಿರುವನಂತಪುರದ ಶ್ರೀಕಾರ್ಯಂನಿಂದ ರೈಲು ಹತ್ತಿ ಬರುತ್ತಿದ್ದ ಮೇಜರ್ ರೈ ದಂಪತಿಯ ಹತ್ತಿರ ಮಾತಿಗೆ ಕೂತರೆ ಹೊರಗಿನ ಸಾಲು ಮರೆತುಹೋಗುತ್ತಿತ್ತು. ಮೂಲತಃ ಕಾಸರಗೋಡಿನ ಕಡೆಯವರು. ರೈಗಳು ಸೈನ್ಯಕ್ಕೆ ರೇಷನ್ ತಲುಪಿಸುವ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು. ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಪೂರ್ತಿ ವಾಸಿಯಾಗದೆಂದು ಮೊದಲೇ ಹೇಳಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಓಣಂವರೆಗೆ ಎಳೀಬಹುದಾ ಡಾಕ್ಟ್ರೇ? ಆಗ ಮಗಳ ಹೆರಿಗೆ ಉಂಟು. ಮಗುವನ್ನೊಮ್ಮೆ ಎತ್ತಿಕೊಳ್ಬೇಕು."

ಕೀಮೋಥೆರಪಿ ಔಷಧದ ಪ್ರಮಾಣವನ್ನು ರೋಗಿಯ ಎತ್ತರ, ತೂಕ ನೋಡಿ ಲೆಕ್ಕ ಹಾಕುತ್ತೇವೆ. ತೂಕ ತೀರಾ ಇಳಿದರೆ ಪ್ರಮಾಣ ತಗ್ಗಿಸಬೇಕು, ಇಲ್ಲವೇ ಚಿಕಿತ್ಸೆಯನ್ನೇ ನಿಲ್ಲಿಸಬೇಕು. ಇದನ್ನೂ ಇಬ್ಬರಿಗೂ ವಿವರಿಸಿದ್ದೆ.

ಔಷಧ ಚೆನ್ನಾಗಿ ಹಿಡಿಯಿತು. ಪ್ರತಿ ಸ್ಕ್ಯಾನ್‌ನಲ್ಲೂ ಯಕೃತ್ತಿನ ಗಡ್ಡೆಗಳು ಕುಗ್ಗುತ್ತಿದ್ದವು. ಕೆನ್ನೆ ಗುಳಿ ಬಿದ್ದಿತ್ತು ನಿಜ, ಆದರೆ ತೂಕದ ಯಂತ್ರದ ಮುಳ್ಳು ಹೆಚ್ಚೇನೂ ಕದಲುತ್ತಿರಲಿಲ್ಲ. ಕೇಳಿದರೆ, "ಹಲ್ಲಿನ ಸೆಟ್ಟು ಮನೆಯಲ್ಲೇ ಬಿಟ್ಟೆ ಮಾರಾಯ್ರೆ, ಅದಕ್ಕೇ ಮುದುಕನ ಹಾಗೆ ಕಾಣುದು" ಎಂದು ನಗುತ್ತಿದ್ದರು. ಪತ್ನಿ ಸುಮತಿ, "ಗಂಜಿ, ಮೀನುಸಾರು ಎಲ್ಲ ಲಾಯ್ಕಲ್ಲಿ ಉಣ್ತಾರೆ" ಎನ್ನುತ್ತಿದ್ದರು.

ಡ್ರಿಪ್ ಇಳಿಯುವ ಹೊತ್ತಿನಲ್ಲಿ ಯುದ್ಧದ ಕಥೆ ನಡೆಯುತ್ತಿತ್ತು. ಗೆದ್ದುಕೊಂಡೇ ಹೋಗುವ ಸೈನ್ಯ ಇದ್ದಕ್ಕಿದ್ದಂತೆ ಏಕೆ ಹಿಂದೆ ಸರಿಯುತ್ತದೆ ಎಂದು ಒಮ್ಮೆ ಕೇಳಿದೆ.

"ವೈರಿ ಬಲವಾದದ್ದಕ್ಕೆ ಅಂತ ಎಲ್ಲರೂ ಗ್ರಹಿಸುದು. ಒಂದೊಂದು ಊರು ಗೆದ್ದಾಗಲೂ ಕಾವಲಿಗೆ ಜನ ಬಿಟ್ಟು ಹೋಗ್ಬೇಕು. ಅಕ್ಕಿಯ ಲಾರಿ ಬರುವ ದಾರಿ ಉದ್ದ ಆಗ್ತಾ ಹೋಗ್ತದೆ. ಡಿಪೋದಲ್ಲಿ ಅಕ್ಕಿ ರಾಶಿ ಉಂಟು, ಸಿಪಾಯಿಯ ಹೊಟ್ಟೆಯಲ್ಲಿ ಇಲ್ಲ. ಅಲ್ಲಿಗೆ ಮುಗೀತು."

"ಹಾಗಿದ್ದರೆ ಮೊದಲೇ ನಿಲ್ಲಬಾರದೇ?"

"ಗೆಲ್ಲುವಾಗ ನಿಲ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ? ಮುಂದಿದ್ದವರು 'ಎಲ್ಲ ಸರಿ ಉಂಟು' ಅಂತಲೇ ಸುದ್ದಿ ಕಳಿಸುದು."

ಮುಂದಿನ ಸಲ ಬಂದಾಗ, ಡ್ರಿಪ್ ಹಾಕುವ ಮೊದಲೇ ತಲೆ ಸುತ್ತಿ ಕುಸಿದರು. ಉಸಿರಾಟ ಸರಾಗವಾಗಲೆಂದು ಬಟ್ಟೆ ಸಡಿಲಿಸಿದ ನರ್ಸ್ ಅಂಗಿಯ ಅಡಿ ಸೊಂಟಕ್ಕೆ ಕಟ್ಟಿದ್ದ ದಪ್ಪನೆಯ ಬಟ್ಟೆಯ ಪಟ್ಟಿಯೊಂದನ್ನು ಬಿಚ್ಚಿ ನನ್ನ ಕೈಗಿಟ್ಟಳು. ಭಾರವಾಗಿತ್ತು.

"ಮೇಡಂ, ಇದ್ ಅರಿಯಾಣ್," ಎಂದಳು ಮಲಯಾಳದಲ್ಲಿ. ಅಕ್ಕಿ! ಪಟ್ಟಿಯ ತುಂಬ ಅಕ್ಕಿ ತುಂಬಿ ಹೊಲಿದಿದ್ದರು. ತೂಕ ಇಳಿದಷ್ಟೂ ಪಟ್ಟಿ ದಪ್ಪವಾಗುತ್ತಾ ಬಂದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲದ ಮೈಗೂ ಸೇರಿಸಿ ನಾವು ಔಷಧ ಹಾಕುತ್ತಿದ್ದೆವು. ರಕ್ತದ ಬಿಳಿಕಣಗಳು ಪಾತಾಳಕ್ಕಿಳಿದು ಸೋಂಕು ಹತ್ತಿತ್ತು. ಸುಮತಿಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ತೂಕ ಇಳಿದ್ರೆ ಮದ್ದು ನಿಲ್ಲಿಸ್ತೀರಿ ಅಂತ ಹೆದರಿಕೆ ಆಯ್ತು ಡಾಕ್ಟ್ರೇ. ಒಳ್ಳೆ ಅಕ್ಕಿ ಅಂತ ಚಾಲೈ ಪೇಟೆಯಿಂದ ಹುಡುಕಿ ತಂದದ್ದು. ಅವರಿಗೆ ಎರಡು ತುತ್ತೂ ಇಳೀಲಿಲ್ಲ. ಅದನ್ನೇ ಹೊಲಿದೆ. ಕಟ್ಟು ಅಂತ ಹೇಳಿದ್ದು ಅವರೇ."

ಪಟ್ಟಿಯನ್ನು ಅವರ ಕೈಗೆ ಮರಳಿಸಿ, ಸೋಂಕಿಗೆ ಮದ್ದು ಬರೆಯಲು ಹೋದೆ.

ಸೋಂಕು ಹತೋಟಿಗೆ ಬಂದ ಮೇಲೆ ಕೀಮೋ ನಿಲ್ಲಿಸುವ ಮಾತೆತ್ತಿದೆ. ಗಡ್ಡೆಗಳು ಆಗಲೂ ಕುಗ್ಗಿಯೇ ಇದ್ದವು. ಸೋತದ್ದು ಮೈ. "ಸುಳ್ಳು ಸುದ್ದಿ ಕಳಿಸಿದ್ದು ನಾನೇ ಅಲ್ವಾ," ಎಂದರು ರೈಗಳು. ಆಮೇಲೆ, "ಓಣಂ?" ಎಂದು ಕೇಳಿದರು. ನೋವು ತಗ್ಗಿಸುವ ಮದ್ದು ಬರೆದುಕೊಟ್ಟೆ. ಅವರನ್ನು ಶ್ರೀಕಾರ್ಯಂಗೆ ಕಳಿಸಿಕೊಟ್ಟೆವು.

ಅಂದಿನಿಂದ ನಾನು ಸ್ಕ್ಯಾನ್ ಬಿಚ್ಚುವ ಮೊದಲು ರೋಗಿಯ ತೋಳು ಹಿಡಿದು ನೋಡುತ್ತೇನೆ, ನಿನ್ನೆ ಏನು ಉಂಡಿರಿ ಎಂದು ಅವರ ಬಾಯಿಂದಲೇ ಕೇಳುತ್ತೇನೆ. ಗಡ್ಡೆ ಎಷ್ಟು ಕುಗ್ಗಿತು ಎನ್ನುವುದರಷ್ಟೇ ಮುಖ್ಯ, ಮನುಷ್ಯ ಎಷ್ಟು ಉಳಿದಿದ್ದಾನೆ ಎನ್ನುವುದು. ವೃತ್ತಿ ನನಗೆ ಕಲಿಸಿದ್ದು ಇದು, ಕಲಿಸಿದ ರೀತಿ ಮಾತ್ರ ಕ್ರೂರ.

ಓಣಂಗೆ ಇನ್ನೂ ಮೂರು ವಾರವಿದ್ದಾಗಲೇ ಸುಮತಿಯವರ ಫೋನ್ ಬಂತು. ನೋವಿಲ್ಲದೆ ಹೋದರಂತೆ. ಮಗಳು ತುಂಬು ಬಸುರಿ, ಪಕ್ಕದಲ್ಲೇ ಇದ್ದಳಂತೆ. ಆಮೇಲೆ ಹೇಳಿದರು:

"ಸುಡುವ ಮೊದಲು ಅವರ ಬಾಯಿಗೆ ಹಾಕ್ಲಿಕ್ಕೆ ಅಕ್ಕಿ ತನ್ನಿ ಅಂತ ಶಾಸ್ತ್ರ ಮಾಡಿಸುವವರು ಅಂದ್ರು ಡಾಕ್ಟ್ರೇ. ನಾನು ಆ ಪಟ್ಟಿಯ ಹೊಲಿಗೆ ಬಿಚ್ಚಿದೆ."